ರಿಪೋರ್ಟ್ ನಾರ್ಮಲ್, ಎದೆ ಮಾತ್ರ ಢವಢವ

ಈ ತಿಂಗಳ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತವಳು ಒಂದು ಕೆಲಸ ಮಾಡಿದೆ. ‘ಟೆನ್ಶನ್’ ಅನ್ನುವ ಪದ ಕಂಡಲ್ಲೆಲ್ಲ ಕೆಂಪು ಪೆನ್ಸಿಲ್‌ನಿಂದ ಗೆರೆ ಎಳೆದೆ. ಒಂದೇ ಪತ್ರದಲ್ಲಿ ಹದಿನಾಲ್ಕು ಸಲ ಇತ್ತು. ಪದ ಒಂದೇ, ಅರ್ಥ ಮಾತ್ರ ಬೇರೆ ಬೇರೆ. ಒಂದು ಸಾಲಿನಲ್ಲಿ ಅದು ಭಯ. ಇನ್ನೊಂದರಲ್ಲಿ ಸಿಟ್ಟು. ಮತ್ತೊಂದರಲ್ಲಿ ಬರೀ ನಿದ್ದೆಗೆಟ್ಟ ಸುಸ್ತು.

ನಾನು ಆಪ್ತಸಮಾಲೋಚನೆ ಶುರು ಮಾಡಿ 26 ವರ್ಷ ಆಯಿತು. ಎದುರು ಕೂತವರಿಗೆ ಮೊದಲು ಹೇಳುವ ಮಾತು ಇದೇ: ‘ಟೆನ್ಶನ್ ಅನ್ನೋ ಪದ ಬಿಟ್ಟು ಹೇಳಿ, ನೋಡೋಣ.’ ಹೆಚ್ಚಿನವರು ತಡವರಿಸುತ್ತಾರೆ. ಆಮೇಲೆ ನಿಜವಾದ ಪದ ಹೊರಗೆ ಬರುತ್ತದೆ.

‘ಸ್ಟ್ರೆಸ್’ ಪದದ ಕಥೆಯೂ ಸ್ವಲ್ಪ ಹೀಗೇ ಇದೆ. ಹಾನ್ಸ್ ಸೆಲ್ಯೆ ಅನ್ನುವ ವಿಜ್ಞಾನಿ 1936ರಲ್ಲಿ ಇಲಿಗಳ ಮೇಲಿನ ತಮ್ಮ ಪ್ರಯೋಗದ ವಿವರ ಪ್ರಕಟಿಸಿದರು. ಚಳಿ, ಗಾಯ, ಅತಿಯಾದ ಓಡಾಟ, ವಿಷ, ಹೀಗೆ ಯಾವ ಕಷ್ಟ ಕೊಟ್ಟರೂ ಇಲಿಯ ದೇಹದೊಳಗೆ ಆಗುತ್ತಿದ್ದದ್ದು ಒಂದೇ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಊದುತ್ತಿತ್ತು, ಎದೆಯೊಳಗಿನ ಥೈಮಸ್ ಗ್ರಂಥಿ ಕುಗ್ಗುತ್ತಿತ್ತು, ಹೊಟ್ಟೆಯಲ್ಲಿ ಹುಣ್ಣಾಗುತ್ತಿತ್ತು. ಮುಂದೆ ಅವರು ಇದಕ್ಕೆ ‘ಸ್ಟ್ರೆಸ್’ ಅಂತ ಹೆಸರಿಟ್ಟರು. ಸೇತುವೆ, ಕಬ್ಬಿಣದ ತೊಲೆಗಳ ಮೇಲೆ ಬೀಳುವ ಒತ್ತಡಕ್ಕೆ ಇಂಜಿನಿಯರುಗಳು ಬಳಸುತ್ತಿದ್ದ ಪದ ಅದು. ಆದರೆ ಒತ್ತಡ ಬೇರೆ, ಒತ್ತಡಕ್ಕೆ ತೊಲೆ ಬಾಗುವುದು ಬೇರೆ ಅಲ್ವಾ? ಬಾಗುವುದಕ್ಕೆ ‘ಸ್ಟ್ರೇನ್’ ಅನ್ನುವ ಬೇರೆ ಪದವೇ ಇತ್ತು. ಅದನ್ನೇ ಬಳಸಬೇಕಿತ್ತು ಅಂತ ಸೆಲ್ಯೆ ಆಮೇಲೆ ಒಪ್ಪಿಕೊಂಡರು. ಅಷ್ಟೊತ್ತಿಗೆ ಪದ ಊರೆಲ್ಲ ಸುತ್ತಿಯಾಗಿತ್ತು.

ಅಂಥವರೇ ಪದದ ವಿಷಯದಲ್ಲಿ ಎಡವಿದ್ದಾರೆ, ನಾವು ಎಡವುವುದು ದೊಡ್ಡದಲ್ಲ ಬಿಡಿ. ಪತ್ರಗಳಿಗೆ ಬರೋಣ.

ಪ್ರಶ್ನೆ: ನನಗೆ 41 ವರ್ಷ. ಲೆಕ್ಕಪತ್ರದ ಕೆಲಸ. ಆರು ತಿಂಗಳಿಂದ ಫೋನ್ ರಿಂಗ್ ಆದರೆ ಸಾಕು, ಎದೆ ಢವಢವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಬೆಳಗ್ಗೆ ಎದ್ದಾಗಂತೂ ಇನ್ನೂ ಜಾಸ್ತಿ. ಇಸಿಜಿ, ಎಕೋ, ಥೈರಾಯ್ಡ್, ಶುಗರ್ ಎಲ್ಲ ಮಾಡಿಸಿದೆ. ಎಲ್ಲ ನಾರ್ಮಲ್. ‘ಏನಿಲ್ಲ, ಬರೀ ಸ್ಟ್ರೆಸ್, ಆರಾಮಾಗಿರಿ’ ಅಂದು ಕಳಿಸಿದರು. ಏನಿಲ್ಲ ಅಂದ ಮೇಲೆ ಇದೇಕೆ ಆಗುತ್ತಿದೆ? ನಾನು ನಾಟಕ ಮಾಡ್ತಿದ್ದೀನಾ?

ಉತ್ತರ: ಖಂಡಿತ ಇಲ್ಲ. ಆ ‘ಏನಿಲ್ಲ’ ಅನ್ನುವ ಪದ ಕೇಳಿದರೆ ನನಗೂ ಮೈ ಉರಿಯುತ್ತದೆ. ರಿಪೋರ್ಟ್ ಹೇಳಿದ್ದು ನಿಮ್ಮ ಹೃದಯದಲ್ಲಿ ದೋಷ ಕಾಣಲಿಲ್ಲ ಅಂತ. ಎದೆ ಹೊಡೆದುಕೊಂಡಿಲ್ಲ ಅಂತ ಅಲ್ಲ. ಹೊಡೆದುಕೊಂಡಿದೆ, ನಿಜವಾಗಿಯೂ.

ಆಗುವುದೇನು ಅಂದರೆ, ಅಪಾಯ ಬಂತು ಅಂತ ಮಿದುಳಿಗೆ ಅನಿಸಿದ ಕೂಡಲೇ ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಅನ್ನುವ ಹಾರ್ಮೋನನ್ನು ರಕ್ತಕ್ಕೆ ಸುರಿಸುತ್ತವೆ. ಹೃದಯ ಜೋರಾಗುತ್ತದೆ, ಉಸಿರು ಚುರುಕಾಗುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಹೊಡೆದಾಡು, ಇಲ್ಲಾ ಓಡಿಹೋಗು ಅನ್ನುವುದಕ್ಕೆ ಬೇಕಾದ ತಯಾರಿ ಇದು. ವಾಲ್ಟರ್ ಕ್ಯಾನನ್ ಅನ್ನುವ ಶರೀರವಿಜ್ಞಾನಿ 1915ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದಾರೆ. ತೊಂದರೆ ಏನೆಂದರೆ ನೀವು ಹೊಡೆದಾಡುವುದೂ ಇಲ್ಲ, ಓಡುವುದೂ ಇಲ್ಲ. ಕುರ್ಚಿಯಲ್ಲಿ ಕೂತು ‘ಹಲೋ ಸರ್’ ಅನ್ನುತ್ತೀರಿ. ಮೈಯೆಲ್ಲ ಓಟಕ್ಕೆ ಸಿದ್ಧ, ಓಟವೇ ಇಲ್ಲ.

ಬೆಳಗ್ಗೆ ಜಾಸ್ತಿ ಅಂದಿರಲ್ಲ, ಅದಕ್ಕೂ ಕಾರಣ ಇದೆ. ಕಾರ್ಟಿಸಾಲ್ ಅನ್ನುವ ಹಾರ್ಮೋನು ನಾವು ಎದ್ದ ಮೊದಲ ಅರ್ಧ ಮುಕ್ಕಾಲು ಗಂಟೆಯಲ್ಲಿ ಹೆಚ್ಚಿನವರಲ್ಲಿ ಏರುತ್ತದೆ. ದಿನಕ್ಕೆ ಮೈಯನ್ನು ಎಬ್ಬಿಸುವುದು ಅದರ ಕೆಲಸ. ಮೊದಲೇ ಹೆದರಿರುವವರಿಗೆ ಆ ಎಚ್ಚರವೂ ಹೆದರಿಕೆಯಂತೆಯೇ ಕಾಣುತ್ತದೆ.

ಇನ್ನು ಫೋನಿನ ವಿಷಯ. ನಿಮ್ಮ ಪತ್ರದ ಎರಡನೇ ಪುಟದಲ್ಲಿ ಒಂದು ಸಾಲನ್ನು ಹೊಡೆದು ಹಾಕಿದ್ದೀರಿ. ಬೆಳಕಿಗೆ ಹಿಡಿದರೆ ಓದಲು ಬರುತ್ತದೆ, ಕ್ಷಮಿಸಿ, ಓದಿದೆ. ಒಂದು ಮೊತ್ತ ತಪ್ಪಿ, ಸ್ಪೀಕರ್ ಹಾಕಿದ ಫೋನಿನಲ್ಲಿ ಎಲ್ಲರೆದುರು ಬೈಸಿಕೊಂಡ ಸಂಗತಿ. ಆರು ತಿಂಗಳ ಹಿಂದಿನದು. ಲೆಕ್ಕ ಕೂಡಿತಲ್ಲವೇ? ಹದಿನಾಲ್ಕು ಸಲ ‘ಟೆನ್ಶನ್’ ಬರೆದವರು ನೀವೇ. ನಿಮ್ಮ ನಿಜವಾದ ಪದ ಆ ಹೊಡೆದು ಹಾಕಿದ ಸಾಲಿನಲ್ಲಿದೆ: ಅವಮಾನ. ಅವತ್ತಿನಿಂದ ನಿಮ್ಮ ಮೈ ಆ ರಿಂಗ್‌ಟೋನಿಗೂ ಅವಮಾನಕ್ಕೂ ಗಂಟು ಹಾಕಿದೆ. ಪ್ರತಿ ಸಲ ಗಂಟೆಯ ಹಿಂದೆಯೇ ಊಟ ಬಂದು ಬಂದು, ಬರೀ ಗಂಟೆ ಕೇಳಿದರೂ ಜೊಲ್ಲು ಸುರಿಸುವುದನ್ನು ವಿಜ್ಞಾನಿ ಪಾವ್ಲೋವ್ ಅವರ ನಾಯಿ ಕಲಿತದ್ದು ಹೀಗೇ.

ಇವತ್ತೇ ರಿಂಗ್‌ಟೋನ್ ಬದಲಿಸಿ. ನಗಬೇಡಿ. ಕೆಲಸಕ್ಕೆ ಸಂಬಂಧಿಸಿದ ಕರೆಗೆ ಒಂದು ಸದ್ದು, ಉಳಿದವರಿಗೆ ಇನ್ನೊಂದು. ಫೋನ್ ಬಂದಾಗ ಮೂರು ರಿಂಗ್ ಆಗಲು ಬಿಡಿ. ಅಷ್ಟರಲ್ಲಿ ಒಂದು ಉಸಿರು ಒಳಗೆ, ಅದಕ್ಕಿಂತ ಉದ್ದವಾದ ಉಸಿರು ಹೊರಗೆ. ಯಾಕೆ ಉದ್ದ ಅಂತ ನೀವೇ ಪರೀಕ್ಷೆ ಮಾಡಿ: ಮಣಿಕಟ್ಟಿನ ನಾಡಿ ಹಿಡಿದು ನಿಧಾನವಾಗಿ ಉಸಿರು ಬಿಡಿ. ಬಿಡುವಾಗ ನಾಡಿ ಸ್ವಲ್ಪ ನಿಧಾನವಾಗುತ್ತದೆ, ಎಳೆದುಕೊಳ್ಳುವಾಗ ಚುರುಕಾಗುತ್ತದೆ. ಹೃದಯಕ್ಕೆ ಕಡಿವಾಣ ಹಾಕುವ ವೇಗಸ್ ನರದ ಕೆಲಸ ಅದು. ದಿನಕ್ಕೆರಡು ಸಲ, ಫೋನ್ ಬಾರದ ಹೊತ್ತಿನಲ್ಲಿ, ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಐದು ನಿಮಿಷ ಮಾಡಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಆಗುವುದಿಲ್ಲ, ಮೊದಲೇ ರೂಢಿ ಬೇಕು.

ಫೋನನ್ನು ಸೈಲೆಂಟ್‌ಗೆ ಹಾಕಿ ಡ್ರಾಯರಿನಲ್ಲಿ ತಳ್ಳುವ ಕೆಲಸ ಮಾತ್ರ ಬೇಡ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ.

ಒಂದು ಎಚ್ಚರಿಕೆ. ಮೆಟ್ಟಿಲು ಹತ್ತುವಾಗ ಎದೆ ಹಿಂಡಿದಂತಾದರೆ, ನೋವು ತೋಳಿಗೋ ದವಡೆಗೋ ಹರಡಿದರೆ, ತಣ್ಣನೆ ಬೆವರು ಬಂದರೆ, ಹಳೆಯ ರಿಪೋರ್ಟ್ ನೋಡಿಕೊಂಡು ಸಮಾಧಾನ ಪಟ್ಟುಕೊಳ್ಳಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಸಿಗರೇಟ್ ಸೇದಿದರೆ ಟೆನ್ಶನ್ ಇಳಿಯುತ್ತದೆ. ಇದು ನನ್ನ ಸ್ವಂತ ಅನುಭವ. ನೀವು ಇಲ್ಲ ಅನ್ನಬೇಡಿ.

ಉತ್ತರ: ಇಲ್ಲ ಅನ್ನುವುದಿಲ್ಲ. ಇಳಿಯುತ್ತದೆ. ಆದರೆ ಇಳಿಯುವುದರಲ್ಲಿ ದೊಡ್ಡ ಪಾಲು ಹಿಂದಿನ ಸಿಗರೇಟ್ ಏರಿಸಿಟ್ಟದ್ದು. ನಿಕೋಟಿನ್ ಕಡಿಮೆಯಾದಾಗ ಬರುವ ಚಡಪಡಿಕೆಯನ್ನು ನಿಕೋಟಿನ್ನೇ ಶಮನ ಮಾಡುತ್ತದೆ. ಸಾಲ ತೀರಿಸಲು ಅದೇ ಸಾಹುಕಾರನ ಹತ್ತಿರ ಮತ್ತೆ ಸಾಲ ಮಾಡಿದ ಹಾಗೆ. ಬಿಟ್ಟ ಮೊದಲ ಕೆಲವು ವಾರ ಕಷ್ಟ, ನಿಜ. ಅದು ದಾಟಿದವರಲ್ಲಿ ಆತಂಕ ಮೊದಲಿಗಿಂತ ಕಡಿಮೆಯಾಗುತ್ತದೆ. ಇನ್ನೊಂದು, ನೀವು ಸೇದಲು ಎದ್ದು ಹೊರಗೆ ಹೋಗುತ್ತೀರಿ, ಐದು ನಿಮಿಷ ಯಾರೂ ಮಾತಾಡಿಸುವುದಿಲ್ಲ, ಉದ್ದಕ್ಕೆ ಉಸಿರು ಬಿಡುತ್ತೀರಿ. ಆ ಐದು ನಿಮಿಷ ಇಟ್ಟುಕೊಳ್ಳಿ, ಸಿಗರೇಟ್ ಬಿಡಿ.

ಪ್ರಶ್ನೆ: ಹೋದ ತಿಂಗಳು ‘ದಿನಾ ಅರ್ಧ ಗಂಟೆ ನಡೆಯಿರಿ, ನಿಮಗಾಗಿ ಸಮಯ ಮಾಡಿಕೊಳ್ಳಿ’ ಅಂತ ಬರೆದಿದ್ದೀರಿ. ನಾನು ಎರಡು ಕಡೆ ದುಡಿಯುವವಳು. ಮನೆ ಸೇರುವುದು ರಾತ್ರಿ ಹತ್ತಕ್ಕೆ. ನಾಳೆ ಯಾವ ಪಾಳಿ ಅಂತ ಇವತ್ತು ಸಂಜೆ ಗೊತ್ತಾಗುತ್ತದೆ. ನಿಮ್ಮ ಸಲಹೆಯಿಂದ ಆದದ್ದು ಇಷ್ಟೇ: ಮಾಡಲಾಗದ ಕೆಲಸಗಳ ಪಟ್ಟಿಗೆ ಇನ್ನೊಂದು ಸೇರಿತು. ತೊಂದರೆ ಇರುವುದು ನನ್ನ ಕೆಲಸದಲ್ಲಿ, ನನ್ನ ಉಸಿರಾಟದಲ್ಲಲ್ಲ.

ಉತ್ತರ: ಬೈದದ್ದು ಸರಿಯಾಗಿದೆ. ಪತ್ರ ಓದಿ ಎರಡು ದಿನ ಮುಜುಗರವಾಯಿತು. ನಮ್ಮ ಕಸುಬಿನವರಿಗೆ ಈ ಕೆಟ್ಟ ಚಾಳಿ ಇದೆ. ಸೂರು ಸೋರುತ್ತಿದ್ದರೆ ಒದ್ದೆಯಾಗದೆ ಕೂರುವುದು ಹೇಗೆ ಅಂತ ಹೇಳಿಕೊಡುತ್ತೇವೆ.

ನಿಮ್ಮ ಮಾತಿಗೆ ಬೆಂಬಲವೂ ಇದೆ. 1967ರಲ್ಲಿ ಲಂಡನ್ನಿನ ಸರ್ಕಾರಿ ಕಚೇರಿಗಳ ಸುಮಾರು 18,000 ಗಂಡಸರ ಆರೋಗ್ಯವನ್ನು ಗಮನಿಸುವ ಅಧ್ಯಯನ ಶುರುವಾಯಿತು. ವೈಟ್‌ಹಾಲ್ ಅಧ್ಯಯನ ಅಂತಾರೆ. ದೊಡ್ಡ ಹುದ್ದೆಯವರಿಗೇ ತಲೆಬಿಸಿ ಜಾಸ್ತಿ, ಹೃದಯಾಘಾತ ಅವರಿಗೇ ಅಂತ ಜನ ನಂಬಿದ್ದ ಕಾಲ. ಲೆಕ್ಕ ಉಲ್ಟಾ ಬಂತು. ತೀರಾ ಕೆಳಗಿನ ದರ್ಜೆಯವರಲ್ಲಿ ಹೃದ್ರೋಗದ ಸಾವು ಮೇಲಿನ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಇತ್ತು. ಬೀಡಿ ಸಿಗರೇಟು, ರಕ್ತದೊತ್ತಡ ಎಲ್ಲ ಲೆಕ್ಕ ಹಿಡಿದರೂ ವ್ಯತ್ಯಾಸ ಪೂರ್ತಿ ಅಳಿಸಲಿಲ್ಲ. ಮುಂದಿನ ಅಧ್ಯಯನಗಳು ಬೊಟ್ಟು ಮಾಡಿ ತೋರಿಸಿದ ಕಾರಣಗಳಲ್ಲಿ ಒಂದು, ಕೆಲಸದ ಮೇಲೆ ಹಿಡಿತ ಇಲ್ಲದಿರುವುದು. ಕೆಲಸ ಭಾರವಾಗಿರುವುದಕ್ಕಿಂತ, ಭಾರವಾದ ಕೆಲಸದಲ್ಲಿ ತನ್ನ ಮಾತೇ ನಡೆಯದಿರುವುದು ಮನುಷ್ಯನನ್ನು ಹೆಚ್ಚು ಅರೆಯುತ್ತದೆ.

ಈ ಕಣ್ಣಿನಿಂದ ನಿಮ್ಮ ಪತ್ರ ಮತ್ತೆ ಓದಿದೆ. ಎರಡು ಕೆಲಸ ಕಷ್ಟ ಅಂತ ನೀವು ಒಂದು ಸಲ ಬರೆದಿದ್ದೀರಿ. ‘ನಾಳೆಯ ಪಾಳಿ ಇವತ್ತು ಸಂಜೆ ಗೊತ್ತಾಗುತ್ತದೆ’ ಅನ್ನುವುದನ್ನು ಮೂರು ಸಲ ಬರೆದಿದ್ದೀರಿ. ಹಾಗಾದರೆ ಮುಳ್ಳು ಚುಚ್ಚಿರುವುದು ಅಲ್ಲಿ. ಕೇಳುವುದಾದರೆ ಅದನ್ನೇ ಕೇಳಿ. ‘ಕೆಲಸ ಜಾಸ್ತಿ ಆಯ್ತು’ ಅಂದರೆ ಮೇಲಿನವರು ‘ಎಲ್ಲರಿಗೂ ಜಾಸ್ತಿನೇ’ ಅನ್ನುತ್ತಾರೆ. ‘ವಾರದ ಪಾಳಿಪಟ್ಟಿ ಹಿಂದಿನ ವಾರವೇ ಕೊಡಿ’ ಅಂದರೆ ಹೌದು ಅಥವಾ ಇಲ್ಲ ಅನ್ನಲೇಬೇಕು. ಒಬ್ಬರೇ ಹೋಗಬೇಡಿ. ನಿಮ್ಮ ಜೊತೆಯವರಿಗೂ ಅದೇ ಕಷ್ಟ ಇರುತ್ತದೆ, ನಾಲ್ಕು ಜನ ಸೇರಿ ಕೇಳಿ.

ಕೊಡದಿದ್ದರೆ? ಆಗ ಬೇರೆ ಕೆಲಸ ಹುಡುಕುವುದೂ ಒತ್ತಡ ನಿಭಾಯಿಸುವ ದಾರಿಯೇ, ಸೋಲಲ್ಲ. ಈಗಲೇ ಆಗದು ಅಂತ ನನಗೂ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಅನ್ನುವುದನ್ನು ವಿವರಿಸುವಾಗ ಅದನ್ನು ಕಾಯಿಲೆ ಅಂತ ಕರೆಯಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಅಂತ ಕರೆಯಿತು. ಶಕ್ತಿ ಸೋರಿಹೋಗುವುದು, ಕೆಲಸದ ಮೇಲೆ ಜಿಗುಪ್ಸೆ, ಏನು ಮಾಡಿದರೂ ಸಾಲದು ಅನಿಸುವುದು, ಈ ಮೂರು ಅದರ ಗುರುತು. ನಿಮ್ಮ ಪತ್ರದಲ್ಲಿ ಮೊದಲ ಎರಡು ಕಾಣುತ್ತಿವೆ. ಮೂರನೆಯದಕ್ಕೆ ಕಾಯಬೇಡಿ.

ನಡಿಗೆಯ ಮಾತನ್ನು ತಿದ್ದಿಕೊಳ್ಳುತ್ತೇನೆ. ಅರ್ಧ ಗಂಟೆ ಒಟ್ಟಿಗೇ ಆಗಬೇಕಿಲ್ಲ. ವಾರಕ್ಕೆ 150 ನಿಮಿಷ ಅನ್ನುವ ಲೆಕ್ಕ ಹಾಗೇ ಇದೆ, ಆದರೆ ಅದನ್ನು ಚೂರುಚೂರಾಗಿ ಮಾಡಿದರೂ ಸೇರುತ್ತದೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಬಿರುಸಾಗಿ ನಡೆದು ಹೋಗುತ್ತೀರಲ್ಲ, ಅದನ್ನೂ ಹಿಡಿಯಿರಿ. ನಿಮಗೆ ನಡಿಗೆ ಕಡಿಮೆ ಇಲ್ಲ ಅನಿಸುತ್ತದೆ. ಕಡಿಮೆ ಇರುವುದು ನಿದ್ದೆ.

ಪ್ರಶ್ನೆ: ಪರೀಕ್ಷೆ ಹಾಲ್‌ಗೆ ಕಾಲಿಟ್ಟ ಕೂಡಲೇ ಓದಿದ್ದೆಲ್ಲ ಮರೆತುಹೋಗುತ್ತದೆ. ಸ್ವಲ್ಪವೂ ಸ್ಟ್ರೆಸ್ ಆಗದ ಹಾಗೆ ಏನಾದರೂ ಉಪಾಯ ಇದೆಯಾ? ವಯಸ್ಸು 19.

ಉತ್ತರ: ಸ್ವಲ್ಪವೂ ಆಗದಿದ್ದರೆ ನೀನು ಓದುವುದೂ ಇಲ್ಲಪ್ಪ! ಯರ್ಕ್ಸ್ ಮತ್ತು ಡಾಡ್ಸನ್ ಅನ್ನುವ ಇಬ್ಬರು 1908ರಲ್ಲೇ ಸುಂಡಿಲಿಗಳಿಗೆ ಸಣ್ಣ ಶಾಕ್ ಕೊಟ್ಟು ನೋಡಿದ್ದರು. ಕಷ್ಟದ ಪಾಠವಾದರೆ ತೀರಾ ಮೆಲ್ಲಗಿನ ಶಾಕಿಗೂ ಕಲಿಕೆ ನಿಧಾನ, ತೀರಾ ಜೋರಿನದಕ್ಕೂ ನಿಧಾನ. ನಡುವಿನದಕ್ಕೇ ಬೇಗ ಕಲಿತವು. ನಿನಗೆ ಬೇಕಾದ್ದು ಆ ನಡುವಿನ ಜಾಗ.

ಎರಡು ಕೆಲಸ ಮಾಡು. ಮನೆಯಲ್ಲಿ ಹಾಸಿಗೆ ಮೇಲೆ ಬಿದ್ದುಕೊಂಡು ಓದುವುದರ ಜೊತೆಗೆ, ಗಡಿಯಾರ ಇಟ್ಟುಕೊಂಡು, ಪುಸ್ತಕ ಮುಚ್ಚಿ, ಮೇಜಿನ ಮುಂದೆ ಕೂತು ಹಳೆಯ ಪ್ರಶ್ನೆಪತ್ರಿಕೆ ಬರೆ. ಎಂಟು ಹತ್ತು ಸಲ. ಹಾಲ್ ಅನ್ನುವುದು ಮೈಗೆ ಹೊಸದಾಗಿರಬಾರದು. ಇನ್ನು, ಹಾಲ್‌ನಲ್ಲಿ ಎದೆ ಹೊಡೆದುಕೊಂಡಾಗ ‘ಶಾಂತವಾಗು ಶಾಂತವಾಗು’ ಅಂತ ಗೋಗರೆಯಬೇಡ. ‘ಮೈ ತಯಾರಾಗ್ತಿದೆ’ ಅಂದುಕೋ. ಹೆದರಿಕೆಗೂ ಹುರುಪಿಗೂ ಎದೆಬಡಿತ ಒಂದೇ, ಹೆಸರು ಮಾತ್ರ ಬೇರೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ‘ನನಗೆ ಹುರುಪಾಗಿದೆ’ ಅಂದುಕೊಂಡವರು ‘ನಾನು ಶಾಂತವಾಗಿದ್ದೇನೆ’ ಅಂದುಕೊಂಡವರಿಗಿಂತ ಭಾಷಣ, ಗಣಿತ ಎರಡನ್ನೂ ಚೆನ್ನಾಗಿ ಮಾಡಿದರು. ಮೊದಲು ಗೊತ್ತಿರುವ ಸಣ್ಣ ಪ್ರಶ್ನೆಗೆ ಉತ್ತರ ಬರೆ. ಕೈ ಓಡಿದರೆ ತಲೆಯೂ ಹಿಂದೆಯೇ ಬರುತ್ತದೆ.

ಪ್ರಶ್ನೆ: ಅತ್ತೆ ಹಾಸಿಗೆ ಹಿಡಿದು ಎರಡು ವರ್ಷ. ನೆನಪೂ ಹೋಗಿದೆ. ಎಲ್ಲ ನಾನೇ ಮಾಡಬೇಕು. ಮೊನ್ನೆ ಅವರು ಮೂರನೇ ಸಲ ಬಟ್ಟೆ ಒದ್ದೆ ಮಾಡಿಕೊಂಡಾಗ ಕೈ ಎತ್ತಿಬಿಟ್ಟೆ. ಹೊಡೆಯಲಿಲ್ಲ. ಆದರೆ ಎತ್ತಿದೆ. ಒಂದೊಂದು ಸಲ ಇದೆಲ್ಲ ಯಾವಾಗ ಮುಗಿಯುತ್ತೋ ಅನಿಸುತ್ತದೆ. ಮರುಕ್ಷಣ ನನ್ನ ಮೇಲೇ ಅಸಹ್ಯ. ವಯಸ್ಸು 52. ಹೆಸರು ಹಾಕಬೇಡಿ.

ಉತ್ತರ: ಈ ಪತ್ರಕ್ಕೆ ಉತ್ತರ ಬರೆಯುವ ಮೊದಲು ನನ್ನದೊಂದು ಹೇಳಿಬಿಡುತ್ತೇನೆ.

ಕೆಲವು ವರ್ಷದ ಹಿಂದೆ ಅಪ್ಪ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹತ್ತು ತಿಂಗಳು ಹಾಸಿಗೆ. ಹಗಲು ನಾನು ಬೇರೆಯವರ ಒತ್ತಡ ಇಳಿಸುವ ಕೆಲಸ ಮಾಡುತ್ತಿದ್ದೆ, ರಾತ್ರಿ ಅಪ್ಪನ ಮಗ್ಗುಲು ಬದಲಿಸುತ್ತಿದ್ದೆ. ‘ನೀವು ಹೇಗಿದ್ದೀರಿ?’ ಅಂದರೆ ‘ಚೆನ್ನಾಗಿದ್ದೀನಿ’ ಅನ್ನುವುದು ಬಾಯಿಪಾಠವಾಗಿತ್ತು. ಒಂದು ದಿನ ದವಡೆ ಹಲ್ಲಿನ ಚೂರು ಮುರಿದು ಕೈಗೆ ಬಂತು. ಹಲ್ಲಿನ ಡಾಕ್ಟರು ಸಣ್ಣ ಕನ್ನಡಿ ಹಿಡಿದು ತೋರಿಸಿದರು. ಹಿಂದಿನ ಹಲ್ಲುಗಳ ತುದಿಗಳೆಲ್ಲ ಅರ ಹಾಕಿ ಉಜ್ಜಿದ ಹಾಗೆ ಚಪ್ಪಟೆ. ‘ರಾತ್ರಿ ಹಲ್ಲು ಕಡೀತೀರಾ?’ ಅಂದರು. ಇಲ್ಲ ಅಂದೆ. ಅವರು ಏನೂ ಮಾತಾಡದೆ ನನ್ನ ಬೆರಳು ಹಿಡಿದು ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಇಟ್ಟರು. ಅಲ್ಲಿ ಸ್ನಾಯು ಕಲ್ಲಾಗಿತ್ತು. ಹಗಲಲ್ಲೂ, ಆ ಕುರ್ಚಿಯಲ್ಲಿ ಕೂತಾಗಲೂ.

ಅದೇ ವಾರ ಅಪ್ಪ ಮಾತ್ರೆ ಬೇಡ ಅಂತ ಹಟ ಹಿಡಿದರು. ನಾನು ಮಾತ್ರೆ ಡಬ್ಬಿಯನ್ನು ನೆಲಕ್ಕೆ ಒಗೆದೆ. ಏಳು ಮನೆಯ ಪ್ಲಾಸ್ಟಿಕ್ ಡಬ್ಬಿ, ಏಳೂ ಬಾಯಿ ತೆರೆದುಕೊಂಡವು. ಮಂಚದ ಕೆಳಗೆಲ್ಲ ಬಿಳಿ, ಹಳದಿ ಮಾತ್ರೆ. ಮೊಣಕಾಲೂರಿ ಒಂದೊಂದೇ ಹೆಕ್ಕುತ್ತಿದ್ದೆ. ಅಳುತ್ತಲೂ ಇದ್ದೆ. ಮೇಲಿನಿಂದ ಅಪ್ಪನ ಬೆರಳು ಕೆಳಗೆ ಬಂತು. ‘ಅಲ್ಲೊಂದು ಉಳೀತು ನೋಡು,’ ಅಂದರು. ಅಷ್ಟೇ.

ಇದನ್ನು ಯಾಕೆ ಹೇಳಿದೆ ಅಂದರೆ, ಎತ್ತಿದ ಕೈಯ ಬಗ್ಗೆ ನನ್ನಿಂದ ನಿಮಗೆ ಬುದ್ಧಿಮಾತು ಸಿಗುವುದಿಲ್ಲ ಅಂತ ನಿಮಗೆ ಗೊತ್ತಿರಲಿ.

ಯಾವಾಗ ಮುಗಿಯುತ್ತೋ ಅನಿಸುವುದಕ್ಕೂ ಅವರು ಸಾಯಲಿ ಅನ್ನುವುದಕ್ಕೂ ಬಹಳ ದೂರ ಇದೆ. ಅವರ ನರಳಾಟ ಮುಗಿಯಲಿ, ನನ್ನ ದಣಿವು ಮುಗಿಯಲಿ ಅಂತ ಮನಸ್ಸು ಕೇಳುತ್ತಿದೆ. ಆರೈಕೆ ಮಾಡುವವರಲ್ಲಿ ಇದು ಬಾರದವರನ್ನು ನಾನು ನೋಡಿದ್ದು ಅಪರೂಪ, ಬಾಯಿಬಿಟ್ಟು ಹೇಳುವವರು ಮಾತ್ರ ಕಡಿಮೆ. ಆದರೆ ‘ನನ್ನ ಬದುಕೇ ಮುಗಿದರೆ ಸಾಕು’ ಅಂತ ಯಾವತ್ತಾದರೂ ಅನಿಸಿದ್ದರೆ ಅದು ಈ ಅಂಕಣದ ವಿಷಯವಲ್ಲ. ಅವತ್ತೇ ಮನೆಯಲ್ಲೊಬ್ಬರಿಗೆ ಹೇಳಿ. ಮನೋವೈದ್ಯರನ್ನು ಕಾಣಿ, ಇಲ್ಲಾ ಸಹಾಯವಾಣಿಗೆ ಕರೆ ಮಾಡಿ.

ನಿಮ್ಮ ಮೈ ಎಷ್ಟು ತೆರುತ್ತಿದೆ ಅನ್ನುವುದಕ್ಕೆ ಒಂದು ಅಳತೆ ಹೇಳುತ್ತೇನೆ. 1995ರಲ್ಲಿ, ನೆನಪು ಹೋದ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸರ ತೋಳಿನಲ್ಲಿ ಮೂರೂವರೆ ಮಿಲಿಮೀಟರ್‌ನಷ್ಟು ಸಣ್ಣ ಗಾಯ ಮಾಡಿ, ಅದು ಮಾಯಲು ಎಷ್ಟು ದಿನ ಬೇಕು ಅಂತ ನೋಡಿದ ಅಧ್ಯಯನ ಪ್ರಕಟವಾಯಿತು. ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ ಸುಮಾರು 9 ದಿನ ಜಾಸ್ತಿ ಬೇಕಾಯಿತು. ಗಾಯಕ್ಕೆ ಸುಳ್ಳು ಹೇಳಲು ಬರುವುದಿಲ್ಲ ನೋಡಿ.

ಮಾಡಬೇಕಾದ್ದು ಒಂದೇ. ನಿಮ್ಮ ಪತ್ರದಲ್ಲಿ ಗಂಡ ಇದ್ದಾರೆ, ನಾದಿನಿ ಇದ್ದಾರೆ, ದೊಡ್ಡ ಮಗ ಇದ್ದಾನೆ. ಎಲ್ಲರೂ ‘ಏನಾದರೂ ಬೇಕಾದರೆ ಹೇಳು’ ಅನ್ನುವವರೇ. ನನ್ನ ತಮ್ಮನೂ ವಾರಕ್ಕೊಮ್ಮೆ ಫೋನ್ ಮಾಡಿ ಹಾಗೇ ಅನ್ನುತ್ತಿದ್ದ. ನಾನೂ ‘ಏನೂ ಬೇಡ’ ಅನ್ನುತ್ತಿದ್ದೆ, ಆಮೇಲೆ ಒಳಗೊಳಗೇ ಅವನನ್ನು ಸುಡುತ್ತಿದ್ದೆ. ಹಲ್ಲು ಮುರಿದ ಮೇಲೆ ಒಂದು ಹಾಳೆಯಲ್ಲಿ ಬರೆದೆ: ಮಾತ್ರೆಯ ಹೊತ್ತು, ಮಗ್ಗುಲು ಬದಲಿಸುವ ಹೊತ್ತು, ಒದ್ದೆ ಬಟ್ಟೆ ಎಲ್ಲಿ ಹಾಕುವುದು. ‘ಶನಿವಾರ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕು ನಿನ್ನದು. ನಾನು ಮನೆಯಲ್ಲಿ ಇರುವುದಿಲ್ಲ,’ ಅಂದೆ. ಬಂದ. ಮೊದಲ ಶನಿವಾರ ಏಳು ಸಲ ಫೋನ್ ಮಾಡಿದ. ಮೂರನೇ ಶನಿವಾರ ಒಂದೇ ಸಲ. ಅವನು ಹೊದಿಕೆ ನನ್ನ ಹಾಗೆ ಮಡಿಸುತ್ತಿರಲಿಲ್ಲ. ಅದನ್ನು ತಿದ್ದದೇ ಇರುವುದು ನನಗೆ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು.

ಇನ್ನೊಂದು ಸಣ್ಣದು. ಕೈ ಮೇಲೇಳುತ್ತದೆ ಅನಿಸಿದ ಕ್ಷಣ ಅವರು ಬೀಳದ ಹಾಗೆ ನೋಡಿ, ಕೋಣೆಯಿಂದ ಹೊರಗೆ ಬನ್ನಿ. ಬಟ್ಟೆ ಐದು ನಿಮಿಷ ಒದ್ದೆಯಿದ್ದರೆ ಏನೂ ಆಗುವುದಿಲ್ಲ.

ಪ್ರಶ್ನೆ: ರಾತ್ರಿ ಮೂರಕ್ಕೆ ಕರಾರುವಾಕ್ಕಾಗಿ ಎಚ್ಚರ. ನಾಳೆ ಮಾಡಬೇಕಾದ್ದೆಲ್ಲ ತಲೆಯಲ್ಲಿ ಮೆರವಣಿಗೆ ಹೊರಡುತ್ತದೆ.

ಉತ್ತರ: ಮುಗಿಯದ ಕೆಲಸ ಮನಸ್ಸಿನಲ್ಲಿ ಅಂಟಿಕೊಳ್ಳುತ್ತದೆ ಅನ್ನುವುದನ್ನು ಬ್ಲೂಮಾ ಜೈಗಾರ್ನಿಕ್ ಅನ್ನುವ ಮನಶ್ಶಾಸ್ತ್ರಜ್ಞೆ 1927ರಲ್ಲೇ ಬರೆದಿದ್ದರು. ಮೆರವಣಿಗೆಯನ್ನು ಮಲಗುವ ಮೊದಲೇ ಕಾಗದಕ್ಕೆ ಇಳಿಸಿಬಿಡಿ. 2018ರಲ್ಲಿ ಬಂದ ಒಂದು ಪ್ರಯೋಗದಲ್ಲಿ, ಮಲಗುವಾಗ ಐದು ನಿಮಿಷ ಕೂತು ಮುಂದೆ ಮಾಡಬೇಕಾದ ಕೆಲಸ ಬರೆದಿಟ್ಟವರು, ಆಗಲೇ ಮಾಡಿ ಮುಗಿಸಿದ ಕೆಲಸ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಹೋದರು. ‘ಬ್ಯಾಂಕ್ ಕೆಲಸ’ ಅಂತ ಬರೆದರೆ ಸಾಲದು. ‘ಹನ್ನೊಂದಕ್ಕೆ ಬ್ಯಾಂಕಿಗೆ ಹೋಗಿ ಫಾರಂ ಕೊಡುವುದು’ ಅಂತ ಬಿಡಿಸಿ ಬರೆಯಿರಿ. ಆ ಪ್ರಯೋಗದಲ್ಲಿ ಬಿಡಿಸಿ ಬರೆದಷ್ಟೂ ನಿದ್ದೆ ಬೇಗ ಬಂತು.

ಮೂರಕ್ಕೆ ಎದ್ದಾಗ ಗಡಿಯಾರ ನೋಡಬೇಡಿ. ಇಪ್ಪತ್ತು ನಿಮಿಷದಷ್ಟು ಹೊರಳಾಡಿದ ಮೇಲೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಕೂತು, ಮಂದ ಬೆಳಕಿನಲ್ಲಿ ಸಪ್ಪೆಯಾದ ಏನನ್ನಾದರೂ ಓದಿ. ಈ ಅಂಕಣದ ಹಳೆಯ ಸಂಚಿಕೆಗಳೂ ಆಗಬಹುದು. ಸಂಜೆಯ ಕಾಫಿ ಬಿಡಿ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲೇ ಸುಮಾರು ಐದು ಗಂಟೆ ಬೇಕು. ಮದ್ಯ ನಿದ್ದೆ ಬರಿಸುತ್ತದೆ ಅಂತ ಯಾರಾದರೂ ಹೇಳಿದರೆ, ಮೂರು ಗಂಟೆಯ ಎಚ್ಚರ ಕೂಡ ಅದರದ್ದೇ ಇರಬಹುದು ಅಂತ ಹೇಳಿ. ಎರಡು ಮೂರು ವಾರ ಮಾಡಿಯೂ ಎಚ್ಚರ ತಪ್ಪದಿದ್ದರೆ, ಅದರ ಜೊತೆಗೆ ಯಾವುದರಲ್ಲೂ ಆಸಕ್ತಿ ಇಲ್ಲದ ಹಾಗೆ ಆಗಿದ್ದರೆ ಡಾಕ್ಟರನ್ನು ಕಾಣಿ. ಹೊತ್ತಿಗೆ ಮುಂಚಿನ ಎಚ್ಚರ ಖಿನ್ನತೆಯ ಒಂದು ಗುರುತು ಕೂಡ.

ಪ್ರಶ್ನೆ: ಎಲ್ಲರೂ ಧ್ಯಾನ ಮಾಡು ಅಂತಾರೆ. ಕಣ್ಣು ಮುಚ್ಚಿ ಸುಮ್ನೆ ಕೂತರೆ ನನಗೆ ಗಾಬರಿ ಜಾಸ್ತಿ ಆಗುತ್ತದೆ. ನನ್ನಲ್ಲೇ ಏನೋ ಐಬಿದೆಯಾ?

ಉತ್ತರ: ಐಬಿಲ್ಲ. ಕೆಲವರಿಗೆ ಹೀಗಾಗುತ್ತದೆ. ಇಡೀ ದಿನ ಗದ್ದಲದಲ್ಲಿ ಮುಚ್ಚಿಟ್ಟದ್ದು ಗದ್ದಲ ನಿಂತ ಕೂಡಲೇ ಬಾಗಿಲು ಬಡಿಯುತ್ತದೆ. ಕಣ್ಣು ಮುಚ್ಚಲೇಬೇಕು ಅಂತ ಯಾರು ಹೇಳಿದರು? ಕಣ್ಣು ತೆರೆದುಕೊಂಡು ನಡೆಯಿರಿ, ಗಿಡಕ್ಕೆ ನೀರು ಹಾಕಿ, ಹಾಡಿ. ಹಾಡುವಾಗ ಉಸಿರು ತಾನಾಗಿ ಉದ್ದವಾಗುತ್ತದೆ.

ಇಲ್ಲಾ ಸ್ನಾಯುಗಳ ದಾರಿ ಹಿಡಿಯಿರಿ. ಎಡ್ಮಂಡ್ ಜೇಕಬ್ಸನ್ ಅನ್ನುವ ವೈದ್ಯರು 1920ರ ದಶಕದಲ್ಲಿ ರೂಪಿಸಿದ ವಿಧಾನ. ಮುಷ್ಟಿಯನ್ನು ಐದು ಸೆಕೆಂಡ್ ಬಿಗಿಯಾಗಿ ಹಿಡಿದು ತಟ್ಟನೆ ಬಿಡಿ. ಬಿಟ್ಟ ಮೇಲೆ ಅರ್ಧ ನಿಮಿಷ ಅಂಗೈಯನ್ನೇ ಗಮನಿಸಿ. ಆಮೇಲೆ ಭುಜ, ಹಣೆ, ಹೊಟ್ಟೆ, ಪಾದ. ದವಡೆಯ ಸರದಿ ಬಂದಾಗ ಮೆಲ್ಲಗೆ, ನನ್ನ ಹಾಗೆ ಹಲ್ಲು ಮುರಿದುಕೊಳ್ಳಬೇಡಿ. ಇದರಲ್ಲಿ ಮನಸ್ಸನ್ನು ಖಾಲಿ ಮಾಡುವ ಹಟ ಇಲ್ಲ. ನನಗಂತೂ ಇದೇ ಇಷ್ಟ.

ಪ್ರಶ್ನೆ: ನನಗೆ 11 ವರ್ಷ. ಅಮ್ಮ ಕೆಲಸದಿಂದ ಬಂದ ತಕ್ಷಣ ನನಗೆ ಬೈತಾಳೆ. ಶೂ ಅಲ್ಲಿಟ್ಟೆ, ಬ್ಯಾಗ್ ಇಲ್ಲಿಟ್ಟೆ ಅಂತ. ಆಮೇಲೆ ನಾನು ಮಲಗಿದಾಗ ಬಂದು ತಲೆ ಸವರುತ್ತಾಳೆ. ನಾನು ನಿದ್ದೆ ಬಂದವನ ಹಾಗೆ ಇರುತ್ತೇನೆ. ನಾನು ಬರೆದದ್ದು ಅಮ್ಮನಿಗೆ ಹೇಳಬೇಡಿ.

ಉತ್ತರ: ಹೇಳುವುದಿಲ್ಲ ಪುಟ್ಟ. ನಿನ್ನ ಪತ್ರದಲ್ಲಿ ಕೆಂಪು ಪೆನ್ಸಿಲ್‌ಗೆ ಕೆಲಸವೇ ಇರಲಿಲ್ಲ, ಅಷ್ಟು ನೇರವಾಗಿ ಬರೆದಿದ್ದೀಯ.

ಅಮ್ಮನ ಸಿಟ್ಟು ಶೂ ಮೇಲೆ ಅಲ್ಲ. ಅದು ಬೇರೆಲ್ಲೋ ಹುಟ್ಟಿ, ದಾರಿಯುದ್ದಕ್ಕೂ ಜೊತೆಗೆ ಬಂದು, ಮನೆ ಬಾಗಿಲಲ್ಲಿ ಕಂಡ ಮೊದಲ ವಸ್ತುವಿನ ಮೇಲೆ ಬೀಳುತ್ತದೆ. ಅದನ್ನು ಸರಿ ಮಾಡುವುದು ನಿನ್ನ ಕೆಲಸ ಅಲ್ಲ, ದೊಡ್ಡವರ ಕೆಲಸ. ಅಮ್ಮ ಹೊಡೆದರೆ, ಅಥವಾ ನಿನಗೆ ತುಂಬಾ ಭಯವಾದರೆ, ನಿನಗೆ ಇಷ್ಟವಾದ ಟೀಚರಿಗೋ ಅಜ್ಜಿಗೋ ತಕ್ಷಣ ಹೇಳು.

ಅಷ್ಟಿಲ್ಲದಿದ್ದರೆ, ರಾತ್ರಿ ತಲೆ ಸವರುವಾಗ ಒಂದು ದಿನ ನಿದ್ದೆ ಬಂದವನ ಹಾಗೆ ಇರಬೇಡ. ಕಣ್ಣು ಬಿಡು. ‘ನೀನು ಬಂದ ತಕ್ಷಣ ಬೈದಾಗ ನನಗೆ ಅಳು ಬರುತ್ತೆ’ ಅನ್ನು. ಅಷ್ಟು ಸಾಕು, ಜಾಸ್ತಿ ಹೇಳಬೇಕಾಗಿಲ್ಲ. ಅಮ್ಮ ಬಂದ ಮೊದಲ ಕಾಲು ಗಂಟೆ ಅವಳಷ್ಟಕ್ಕೆ ಬಿಡು, ಕೈಕಾಲು ತೊಳೆದು ಕೂರಲಿ. ಮಾರ್ಕ್ಸ್ ಕಾರ್ಡಿಗೆ ಸಹಿ ಬೇಕಿದ್ದರೆ ಅದನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಲ್ಲಬೇಡ.